ಐದು ಮಹಡಿ, ಐದು ಕುರ್ಚಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬಾಗಿಲು ಹಾಕಿದ ಔಷಧಿ ಅಂಗಡಿಯ ಮುಂದೆ ದಿನಪತ್ರಿಕೆಯ ಕಟ್ಟುಗಳು ಬಂದು ಬಿದ್ದಿವೆ. ಮನೆಮನೆಗೆ ಹಾಕುವವರೆಲ್ಲ ಬ್ಲೇಡಿನಿಂದ ಹುರಿಯನ್ನು ಚಕ್ಕನೆ ಕತ್ತರಿಸಿ, ಪತ್ರಿಕೆ ಎಣಿಸಿಕೊಂಡು ಸೈಕಲ್ ಹತ್ತುತ್ತಾರೆ. ಇಪ್ಪತ್ತೇಳರ ಒಬ್ಬ ಯುವತಿ ಮಾತ್ರ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಗುರಿನಿಂದ ಗಂಟು ಬಿಚ್ಚುತ್ತಿದ್ದಾರೆ.

"ಏನಮ್ಮ, ಇನ್ನೂ ಜಡೆ ಬಿಚ್ಚಿ ಮುಗೀಲಿಲ್ವಾ?" ಎಂದು ಜೊತೆಯವನೊಬ್ಬ ಕಿಚಾಯಿಸುತ್ತಾನೆ.

"ನೀನು ಕತ್ತರಿಸಿದ್ದು ಕಸ. ನಾನು ಬಿಚ್ಚಿದ್ದು ಬಟ್ಟೆ ಒಣಗಿಸೋ ಹಗ್ಗ. ಬೇಕಾದ್ರೆ ಬಂದು ಕೇಳು, ಕೊಡ್ತೀನಿ."

ಈ ತಾಳ್ಮೆಗೆ ಕಾರಣವಿದೆ. ಏಳು ತಿಂಗಳ ಹಿಂದೆ ಇವರ ಹೃದಯದ ಒಂದು ಕವಾಟ ತೆಗೆದು ಹೊಸದನ್ನು ಕೂರಿಸಿದ್ದಾರೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ದಿನಾ ರಾತ್ರಿ ಊಟದ ಹೊತ್ತಿಗೆ ಒಂದು ಮಾತ್ರೆ, ಬದುಕಿರುವಷ್ಟು ದಿನ. ಮಾತ್ರೆ ತೆಗೆದುಕೊಳ್ಳುವವರಿಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಹಾಗಾಗಿ ಬ್ಲೇಡಿಗೆ ವಿದಾಯ.

ಲಿಫ್ಟ್ ಇಲ್ಲದ ನಾಲ್ಕು ಕಟ್ಟಡಗಳು ಇವರ ಪಾಲಿನವು. ಒಂದೊಂದಕ್ಕೂ ಐದು ಮಹಡಿ, ತೊಂಬತ್ತು ಮೆಟ್ಟಿಲು. ದಿನಕ್ಕೆ ಮುನ್ನೂರ ಅರವತ್ತು ಹತ್ತಬೇಕು, ಅಷ್ಟೇ ಇಳಿಯಬೇಕು. ನೂರ ಹದಿನೆಂಟು ಪತ್ರಿಕೆ. ಎಂಟು ವರ್ಷದಿಂದ ಮಾಡುತ್ತಿರುವ ಈ 'ಪೇಪರಕ್ಕ'ನ ಮುಖ ಕಂಡವರು ಕಡಿಮೆ. ಬಾಗಿಲು ತೆರೆದಾಗ ಪತ್ರಿಕೆ ಬಿದ್ದಿರುತ್ತದೆ, ಅಷ್ಟೇ. ನಾನೂ ನನ್ನ ಬಾಗಿಲಿನ ಪತ್ರಿಕೆಯನ್ನು ಹಾಗೇ ಎತ್ತಿಕೊಂಡವನು. ಈಗ ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿದ್ದೇನೆ.

ಇವತ್ತು ಪರೀಕ್ಷೆಯ ದಿನ. ನಾಲ್ಕನೇ ಕಟ್ಟಡವನ್ನು ಬೇರೆಯವರಿಗೆ ವಹಿಸುತ್ತೇನೆ, ನಿನಗೆ ಮೂರು ಸಾಕು ಎಂದು ಏಜೆಂಟರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಪೇಪರಕ್ಕ ಒಪ್ಪಿಲ್ಲ. ಕೊನೆಗೆ ಒಪ್ಪಂದವಾಗಿದೆ: ಈ ವಾರದೊಳಗೆ ನಾಲ್ಕನ್ನೂ ಎಲ್ಲೂ ಕೂರದೆ ಹತ್ತಿ ಮುಗಿಸಿದರೆ ಪೂರ್ತಿ ಇವರದೇ. ವಾರ ಇವತ್ತಿಗೆ ಮುಗಿಯುತ್ತದೆ.

ಚಿಕ್ಕಂದಿನಲ್ಲಿ ಕೀಲುನೋವಿನ ಜೊತೆ ಬಂದ ಜ್ವರವೊಂದು ಕವಾಟವನ್ನು ಕೆಡಿಸಿ ಹೋಗಿತ್ತು. ಅದು ಗೊತ್ತಾಗಿದ್ದು ಇಪ್ಪತ್ತಾರರಲ್ಲಿ. "ಮೊದಲು ಮೆಟ್ಟಿಲು ಹೇಳ್ತು, ಆಮೇಲೆ ಡಾಕ್ಟ್ರು ಹೇಳಿದ್ರು. ಹಾಡು ಗುನುಗ್ತಾ ಹತ್ತುತಿದ್ದೋಳು ನಾನು. ಹಾಡು ನಿಲ್ತು, ಆಮೇಲೆ ಕಾಲೂ ನಿಲ್ತು."

ಡಾಕ್ಟರು ಮೇಜಿನ ಮೇಲೆ ಎರಡು ಮಾದರಿ ಇಟ್ಟರಂತೆ. ಒಂದು ಪ್ರಾಣಿಯ ಅಂಗಾಂಶದಿಂದ ಮಾಡಿದ್ದು. ಅದಕ್ಕೆ ಜೀವನಪೂರ್ತಿ ಮಾತ್ರೆ ಬೇಡ, ಆದರೆ ಹತ್ತು ಹದಿನೈದು ವರ್ಷಕ್ಕೆ ಸವೆದು ಮತ್ತೆ ಎದೆ ತೆರೆಯಬೇಕಾಗಬಹುದು. ಇನ್ನೊಂದು ಲೋಹದ್ದು. ಬಹಳ ಕಾಲ ಬಾಳುತ್ತದೆ, ಆದರೆ ಮಾತ್ರೆ ಬಿಡುವಂತಿಲ್ಲ, ರಕ್ತಪರೀಕ್ಷೆ ತಪ್ಪಿಸುವಂತಿಲ್ಲ, ಮಗು ಬೇಕೆಂದರೆ ತುಂಬ ಎಚ್ಚರಿಕೆ ಬೇಕು. ಯಾವುದು ಒಳ್ಳೆಯದು ಎಂದು ಕೇಳಿದರೆ ಡಾಕ್ಟರದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು.

"ಅದಕ್ಕೆ ನಾನೇ ಬೇರೆ ಥರ ಕೇಳಿದೆ. ಯಾವುದು ಮೆಟ್ಟಿಲು ಹತ್ತುತ್ತೆ ಡಾಕ್ಟ್ರೇ ಅಂದೆ. ಎರಡೂ ಹತ್ತುತ್ತಮ್ಮ ಅಂದ್ರು. ಹಾಗಾದ್ರೆ ಯಾವುದು ಜಾಸ್ತಿ ವರ್ಷ ಹತ್ತುತ್ತೆ? ಅವರು ನಕ್ಕು ಲೋಹದ್ದನ್ನ ಮುಂದೆ ತಳ್ಳಿದ್ರು."

ಮಗು ಬೇಕೆಂದರೆ ಎಚ್ಚರಿಕೆ ಎಂಬ ಮಾತಿಗೆ ತಾಯಿ ಅತ್ತೇಬಿಟ್ಟರಂತೆ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಆ ತಾಯಿ ಇವತ್ತು ಔಷಧಿ ಅಂಗಡಿಯ ತನಕ ಜೊತೆಗೆ ಬಂದಿದ್ದಾರೆ. ಈಗ ಅದನ್ನು ನೆನೆದು ಮಗಳ ಬೆನ್ನಿಗೆ ಮೆಲ್ಲಗೆ ಗುದ್ದುತ್ತಾರೆ. "ಎಷ್ಟು ಹೇಳಿದ್ರೂ ಕೇಳಲಿಲ್ಲ ನೋಡಿ. ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು."

"ಯೋಚನೆ ಮಾಡದೆ ಹೇಳಲಿಲ್ಲಮ್ಮ," ಎನ್ನುತ್ತಾರೆ ಮಗಳು, ನಗು ನಿಲ್ಲಿಸಿ. "ಮಗು ಬೇಕು ಅನ್ಸಿದ ದಿನ ಡಾಕ್ಟ್ರ ಮುಂದೆ ಹೋಗಿ ಕೂರ್ತೀನಿ. ಅದಕ್ಕೊಂದು ದಾರಿ ಹುಡುಕ್ತಾರೆ. ಆದ್ರೆ ಎರಡನೇ ಸಲ ಯಾವಾಗ ಎದೆ ಕೊಯ್ತಾರೋ ಅಂತ ವರ್ಷ ಎಣಿಸ್ತಾ ಕೂರೋದು ನನ್ನ ಕೈಲಿ ಆಗಲ್ಲ."

ಆಪರೇಷನ್ ಆದ ಮೇಲೆ ಎದೆಮೂಳೆ ಕೂಡಿಕೊಳ್ಳುವ ತನಕ ಎರಡು ಕಿಲೋಗಿಂತ ಹೆಚ್ಚು ಎತ್ತಕೂಡದೆಂಬ ಕಟ್ಟಪ್ಪಣೆ. ಪೇಪರಕ್ಕ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದರು. ಎರಡು ಕಿಲೋಗೆ ವಾರದ ದಿನವಾದರೆ ಹದಿಮೂರು ಪತ್ರಿಕೆ, ಪುರವಣಿ ಸೇರಿದರೆ ಒಂಬತ್ತು. ಹಾಗಾಗಿ ಮೂರು ತಿಂಗಳು ಚೀಲ ಹೊತ್ತದ್ದು ತಾಯಿ. ಡಾಕ್ಟರು ದಿನಾ ನಡೆಯಲು ಹೇಳಿದ್ದರಿಂದ ಮಗಳು ಬರಿಗೈಯಲ್ಲಿ ಕೆಳಗೆ ಓಡಾಡುತ್ತ ಮೇಲ್ವಿಚಾರಣೆ. ಆದರೂ ಪದಬಂಧವಿಲ್ಲದೆ ಚಹಾ ಕುಡಿಯದ ಎರಡನೇ ಮಹಡಿಯ ತಾತನಿಗೆ ಒಂದು ವಾರ ಪೂರ್ತಿ ಷೇರುಪೇಟೆಯ ಪತ್ರಿಕೆ ಹೋಯಿತು. ತಾತ ಬೇಸರಪಡಲಿಲ್ಲ, ತಾಮ್ರದ ಬೆಲೆ ಏರಿದೆ ಎಂದು ಕಂಡವರಿಗೆಲ್ಲ ಹೇಳಿದರಂತೆ. ಅದನ್ನು ಕೇಳಿದ ಪೇಪರಕ್ಕ ಹೊಲಿಗೆ ಹಾಕಿದ ಎದೆಗೆ ದಿಂಬು ಒತ್ತಿಕೊಂಡು, ನೋವಿನಲ್ಲೇ ನಕ್ಕೂ ನಕ್ಕೂ ಕಣ್ಣೀರು ಹಾಕಿದರು.

ಮೂರು ತಿಂಗಳಾದ ಮೇಲೆ ಚೀಲ ಮಗಳ ಹೆಗಲಿಗೆ ಬಂತು. ಮೊದಲ ದಿನ ನಾಲ್ಕನೇ ಕಟ್ಟಡದ ಮೂರನೇ ಮಹಡಿಯಲ್ಲಿ ಇವರು ಕಂಬಿ ಹಿಡಿದು ನಿಂತದ್ದನ್ನು ನಿವೃತ್ತ ಚಿತ್ರಕಲಾ ಟೀಚರ್ ನೋಡಿದರು. ಮರುದಿನ ಅವರ ಬಾಗಿಲ ಹೊರಗೆ ಒಂದು ಕುರ್ಚಿ ಬಂತು. ವಾರದೊಳಗೆ ಐದೂ ಮಹಡಿಯಲ್ಲಿ ಒಂದೊಂದು: ಪ್ಲಾಸ್ಟಿಕ್ಕಿನದು, ಊಟದ ಮೇಜಿನದು, ಒಂದು ಚಕ್ರ ಕಳೆದುಕೊಂಡ ಆಫೀಸಿನದು. ಯಾರೂ ಯಾರಿಗೂ ಹೇಳಿರಲಿಲ್ಲ.

ಮೂರು ಕಟ್ಟಡ ಮುಗಿದು ಈಗ ನಾಲ್ಕನೆಯದು. ಚೀಲ ಹೊತ್ತು ಇವರು ಮುಂದೆ, ಬರಿಗೈಯಲ್ಲಿ ನಾನು ಹಿಂದೆ. ಒಂದು, ಎರಡು. ಮೂರನೇ ಮಹಡಿಯಲ್ಲಿ ಟೀಚರ್ ಬಾಗಿಲು ತೆರೆದೇ ನಿಂತಿದ್ದಾರೆ. "ಮೊದಲೆಲ್ಲ ಇವಳ ಏದುಸಿರು ಒಳಗಿನವರೆಗೆ ಕೇಳೋದು, ನಾನು ಬಾಗಿಲಿಗೆ ಓಡಿ ಬರ್ತಿದ್ದೆ. ಈಗ ಬರೀ ಟಿಕ್ ಟಿಕ್ ಕೇಳುತ್ತೆ. ಕೇಳಿ ಬೇಕಾದ್ರೆ!" ಬೆಳಗಿನ ಆ ಮೌನದಲ್ಲಿ ಕಿವಿಗೊಟ್ಟರೆ ನಿಜ, ಹೊಸ ಕವಾಟದ ಸಣ್ಣ ಸದ್ದು ಕೇಳುತ್ತದೆ. ಏದುಸಿರೂ ಒಂದು ಕೇಳುತ್ತಿದೆ. ಅದು ನನ್ನದು.

ನಾಲ್ಕನೇ ಮಹಡಿಯಲ್ಲಿ ಚಕ್ರ ಕಳೆದುಕೊಂಡ ಕುರ್ಚಿಯ ಮೇಲೆ ಕುಸಿದದ್ದೂ ನಾನೇ. ಮೇಲಿನಿಂದ ಪತ್ರಿಕೆ ಬಿದ್ದ ಸದ್ದು, ಹಿಂದೆಯೇ ಏಜೆಂಟರ ಜೊತೆ ಫೋನಿನಲ್ಲಿ ಇವರ ದನಿ: "ಸಾರ್, ಐದನೇ ಮಹಡಿಯಿಂದ ಮಾತಾಡ್ತಿದೀನಿ. ಎಲ್ಲೂ ಕೂತಿಲ್ಲ. ಸಾಕ್ಷಿ ಬೇಕಾ? ಇದಾರೆ, ಆದ್ರೆ ಅವರು ಕೆಳಗಡೆ ಕೂತಿದಾರೆ!"

ಮೆಟ್ಟಿಲಿಳಿದು ಬರುವಾಗ ಇವರು ಯಾವುದೋ ಹಾಡು ಗುನುಗುತ್ತಿದ್ದಾರೆ. ಇನ್ನೇನು ಆಸೆ ಎಂದು ಕೇಳುತ್ತೇನೆ.

"ಈ ಕುರ್ಚಿಗಳನ್ನ ಒಳಗೆ ತಗೊಳ್ಳಿ ಅಂತ ಹೇಳಿ ಹೇಳಿ ಸಾಕಾಯ್ತು, ಒಬ್ರೂ ಕೇಳಲ್ಲ. ನೀವು ಪೇಪರ್‌ನಲ್ಲಿ ಬರೆದುಬಿಡಿ. ನಾಲ್ಕನೇ ಮಹಡಿದು ಮಾತ್ರ ಇರಲಿ, ನೀವು ಇನ್ನೊಂದ್ಸಲ ಬಂದ್ರೆ ಬೇಕಾಗುತ್ತೆ."

"ಬರೀತೀನಿ. ಅವರು ಓದ್ತಾರಾ?"

"ಓದದೆ ಏನು? ಆರೂವರೆಗೆಲ್ಲ ಐದನೇ ಮಹಡಿ ಬಾಗಿಲಲ್ಲಿ ಇರುತ್ತೆ," ಎನ್ನುತ್ತಾರೆ ಪೇಪರಕ್ಕ, ಖಾಲಿ ಚೀಲವನ್ನು ಮಡಿಸುತ್ತ. "ಹಾಕೋಳು ನಾನೇ ಅಲ್ವಾ?"