ಅತ್ತೆಯ ಮೊಣಕೈ ಸವೆಸಿದ ಮೇಜು

ನಿಮ್ಮ ಮನೆಯ ಕಪಾಟಿನ ಬಾಗಿಲು ತೇಗದ ಹಾಗೆ ಕಾಣುತ್ತಿದ್ದರೆ, ಅದು ತೇಗವಲ್ಲ, ಹೆಚ್ಚಾಗಿ ಕಾಗದ. ಯಾರ ಮನೆಗೆ ಹೋದರೂ ನಾನು ಇದನ್ನು ಹೇಳಿಬಿಡುತ್ತೇನೆ, ಅದಕ್ಕೇ ಎರಡನೇ ಸಲ ಯಾರೂ ಕರೆಯುವುದಿಲ್ಲ. ಮರದ ಗೆರೆಗಳನ್ನು ಅಚ್ಚು ಹಾಕಿದ ಕಾಗದವನ್ನು ರಾಳದಲ್ಲಿ ಅದ್ದಿ ಒಣಗಿಸುತ್ತಾರೆ. ಆಗ ಅದು ಹಪ್ಪಳದಂತೆ ಗರಿಗರಿಯಾಗುತ್ತದೆ, ಮಡಚಿದರೆ ಮುರಿಯುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಮೇಲೆ ಅದನ್ನು ಹಾಸಿ ಬಿಸಿ ಪ್ರೆಸ್ಸಿನಲ್ಲಿ ಅದುಮಿದರೆ ರಾಳ ಕರಗಿ, ಹಲಗೆಗೆ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದದ್ದು ಮತ್ತೆ ಕರಗುವುದಿಲ್ಲ. ಇದನ್ನೆಲ್ಲ ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಬಾಂದ್ರಾದ ಒಂದು ಇಂಟೀರಿಯರ್ ಆಫೀಸಿನಲ್ಲಿ ಸ್ಯಾಂಪಲ್ ಜೋಡಿಸುವುದು ನನ್ನ ಕೆಲಸ. ಉಳಿದದ್ದು ವಿಡಿಯೋ ನೋಡಿ, ಭಾನುವಾರಗಳಂದು ಭಾಂಡುಪ್‌ನ ಪ್ರೆಸ್ ಶೆಡ್ಡಿಗೆ ಹೋಗಿ ಅಲ್ಲಿನವರ ತಲೆ ತಿಂದು ಕಲಿತದ್ದು.

ಹಾಗಾಗಿ ಮಾವ ತಮ್ಮ ಮೇಜಿನ ವಿಷಯ ತೆಗೆದಾಗ ನನಗೆ ಖುಷಿಯೇ ಆಯಿತು.

ಮಾವ ಎಂದರೆ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಬಂದು ಸಾಂತಾಕ್ರೂಜ್ ಸ್ಟೇಷನ್ ಹತ್ತಿರ ಸಣ್ಣ ಹೋಟೆಲು ನಡೆಸುತ್ತಿದ್ದರು. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗಿತ್ತು, ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಫ್ರಿಜ್ಜು, ಗ್ರೈಂಡರು, ಪಾತ್ರೆ ಯಾರ ಪಾಲಾದರೂ ಅವರಿಗೆ ಚಿಂತೆಯಿರಲಿಲ್ಲ. ಗಲ್ಲಾದ ಪಕ್ಕದ ಒಂದು ಮೇಜು ಮಾತ್ರ ಮನೆಗೆ ಬೇಕಿತ್ತು. ಅದರ ಮೂಲೆಯಲ್ಲಿ ಕೂತು ಅತ್ತೆ ವರ್ಷಗಟ್ಟಲೆ ಕೊತ್ತಂಬರಿ ಬಿಡಿಸಿದ್ದರು, ಬೀನ್ಸ್ ಹೆಚ್ಚಿದ್ದರು, ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಲೇ ಅವರ ಮಕ್ಕಳ ಪರೀಕ್ಷೆಯ ವಿಚಾರ ಕೇಳಿದ್ದರು. ಅವರ ಮೊಣಕೈ ಮತ್ತು ಗಾಜಿನ ಬಳೆ ಉಜ್ಜಿ ಉಜ್ಜಿ, ಆ ಜಾಗದಲ್ಲಿ ಕಾಗದದ ತೇಗದ ಗೆರೆ ಪೂರ್ತಿ ಅಳಿಸಿಹೋಗಿ, ಅರ್ಧಚಂದ್ರದಂತೆ ಬರಿ ಹಲಗೆ ಕಾಣುತ್ತಿತ್ತು. ಹಿಂದಿನ ವರ್ಷ ಅತ್ತೆ ತೀರಿಕೊಂಡರು. ಆಮೇಲೆ ಎಷ್ಟೇ ರಶ್ ಇದ್ದರೂ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ ಮಾವ.

"ನೋಡು ಮಾರಾಯ್ತಿ, ಮುಟ್ಟಿದ್ರೆ ರವೆ ಹಾಗೆ ಉದುರ್ತದೆ," ಎಂದರು. "ಮನೆಗೆ ತಕೊಂಡು ಹೋಗಿ ಇಟ್ರೂ ಅವಳು ಕೈ ಇಟ್ಟ ಜಾಗ ಎಷ್ಟು ದಿನ ಉಳೀತದೆ? ನಿನ್ನ ಕಾಗದದಲ್ಲಿ ಎಂತಾದ್ರೂ ಉಪಾಯ ಉಂಟಾ?"

"ಸೇಮ್ ಡಿಸೈನ್ ಹುಡುಕಿ ಮೇಲಿಂದ ಹಾಕಿಸ್ಬಹುದು ಮಾವ. ಹೊಸತರ ಹಾಗೆ ಆಗ್ತದೆ."

"ಹೊಸತು ಯಾರಿಗೆ ಬೇಕು? ಮುಚ್ಚಬಾರದು. ಉದುರಲೂಬಾರದು."

ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಓವರ್‌ಲೇ ಎಂಬ ಒಂದು ಕಾಗದವಿದೆ. ಅಚ್ಚಿಲ್ಲ, ಬಣ್ಣವಿಲ್ಲ, ಬರೀ ರಾಳ ಕುಡಿದ ತೆಳು ಬಿಳಿ ಹಾಳೆ. ಪ್ರೆಸ್ಸಿಗೆ ಹಾಕುವ ಮೊದಲು ಅದರಾಚೆ ಏನೂ ಕಾಣುವುದಿಲ್ಲ. ಹೊರಗೆ ಬಂದಾಗ ಅದು ಇದೆಯೆಂದೇ ಗೊತ್ತಾಗುವುದಿಲ್ಲ, ಅಷ್ಟು ಪಾರದರ್ಶಕ. ಹೊಸ ಹಲಗೆಯ ತುಂಡೊಂದನ್ನು ಅತ್ತೆಯ ಜಾಗದ ಹಾಗೆಯೇ ಉಜ್ಜಿ ಸವೆಸಿ, ಅದರ ಮೇಲೆ ಓವರ್‌ಲೇ ಒತ್ತಿಸಿ ತಂದು ಮಾವನ ಮುಂದಿಟ್ಟೆ. ಅವರು ಬೀಗದಕೈಯಿಂದ ಗೀರಿದರು. ಒಂದು ಕಣವೂ ಉದುರಲಿಲ್ಲ.

"ಗಾಜಿನ ಹಾಗೆ ಉಂಟಲ್ಲ!"

ಅಡುಗೆಯವರು ಒಳಗಿಂದ ಇಣುಕಿದರು. "ಧಣಿ, ನನಗೂ ಒಂದು ಹಾಕಿಸಿ. ಮುಖ ಸುಕ್ಕಾಗುದಿಲ್ಲ."

"ನಿನ್ನನ್ನು ಪ್ರೆಸ್ಸಿಗೆ ಹಾಕಿದ್ರೆ ವಡೆ ಎಣ್ಣೆ ಬಂದೀತು, ಅಷ್ಟೆ," ಎಂದು ಮಾವ ನಕ್ಕರು. ಅತ್ತೆ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಭಾನುವಾರ ಮೇಜಿನ ಮೇಲಿನ ಹಲಗೆ ಬಿಚ್ಚಿ, ಬೆಡ್‌ಶೀಟಿನಲ್ಲಿ ಸುತ್ತಿ, ಟೆಂಪೋದಲ್ಲಿ ಭಾಂಡುಪ್‌ಗೆ ಒಯ್ದೆವು. ಮಾವ ಡ್ರೈವರ್ ಪಕ್ಕ ಕೂರಲು ಒಪ್ಪದೆ, ಹಿಂದೆ ಹಲಗೆ ಹಿಡಿದುಕೊಂಡೇ ಬಂದರು. ಪ್ರೆಸ್ ನಡೆಸುವವರು ವಿಜಯಪುರದ ಕಡೆಯವರು. ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ಯಜಮಾನ್ರ, ಹಳೇ ಹಲಗಿ ಐತ್ರಿ. ಹೊಸಾದರ ಮ್ಯಾಲ ಆದಂಗ ಇದರ ಮ್ಯಾಲೂ ಆಕ್ಕೈತಿ ಅಂತ ಹೇಳಾಕ ಬರೂದಿಲ್ರಿ."

ಮಾವ ನನ್ನ ಮುಖ ನೋಡಿದರು. "ರಿಸ್ಕ್ ಉಂಟು ಮಾವ," ಎಂದೆ.

"ಬಿಟ್ರೂ ಉದುರಿ ಹೋಗುದೇ ಅಲ್ವ," ಎಂದರು. ಆ ಅರ್ಧಚಂದ್ರದ ಮೇಲೆ ಒಮ್ಮೆ ಅಂಗೈ ಇಟ್ಟು ತೆಗೆದರು. "ಮಾಡಿ."

ಬಿಳಿ ಹಾಳೆ ಹಾಸಿದರು. ಪ್ರೆಸ್ ಮುಚ್ಚಿತು. ನಿಮಿಷವೂ ಹಿಡಿಯದ ಕೆಲಸ. ತೆರೆದ ಕ್ಷಣ ಒಳಗಿಂದ ಢಬ್ ಎಂದು ಸದ್ದಾಯಿತು, ಪಟಾಕಿ ಒದ್ದೆಯಾಗಿ ಸಿಡಿದ ಹಾಗೆ. ಹಲಗೆ ಮೂಲೆಯಲ್ಲಿ ಪೂರಿಯಂತೆ ಉಬ್ಬಿ ಬಾಯಿ ಬಿಟ್ಟಿತ್ತು. ಅತ್ತೆ ಕೈ ಇಡುತ್ತಿದ್ದ ಜಾಗವೇ. ಬಿಸಿ ಹಬೆಯ ಜೊತೆಗೆ ಪುಡಿ ಹೊರಗೆ ಚೆಲ್ಲಿತು.

ಪ್ರೆಸ್‌ನವರು ಒಂದು ಚೂರು ಎತ್ತಿ ಮೂಸಿದರು. "ನೀರು ಕುಡದೈತ್ರಿ. ಕಾಗದ ಹ್ವಾದ ಕಡೆ ಹಲಗಿ ಬಾಯಾರ್ದಂಗ ನೀರು ಎಳಕೋತೈತಿ. ಬಿಸಿಗೆ ಅದು ಹಬಿ ಆತು. ಹೊರಗ ಹೋಗಾಕ ದಾರಿ ಇಲ್ಲ, ಒಡದ ಬಂತು. ದಿನಾ ಹಸಿ ಅರಿವಿಲೆ ಒರಸ್ತಿದ್ರೇನ್ರಿ?"

"ಹೋಟೆಲು ಅಲ್ವ, ಒರಸದೆ ಹೇಗೆ?" ಎಂದರು ಮಾವ. ಆಮೇಲೆ ಪ್ರೆಸ್‌ನವರಿಗಲ್ಲ, ನನಗಲ್ಲ, ಆ ಹಲಗೆಗೇ ಹೇಳಿದ ಹಾಗೆ ಹೇಳಿದರು. "ಅವಳು ಹೋದ ಮೇಲೆ ಅಲ್ಲಿ ನಾನೇ ಒರಸುದು. ಹುಡುಗ್ರು ಗಡಿಬಿಡಿ ಮಾಡ್ತಾರೆ ಅಂತ ಅವರಿಗೆ ಬಿಡ್ಲಿಲ್ಲ. ಬೆಳಿಗ್ಗೆಯೂ ಒರಸಿದೆ, ಮುಚ್ಚುವಾಗಲೂ ಒರಸಿದೆ. ಧೂಳು ಕೂರಬಾರದು ಅಂತ."

"ಹಾಗಲ್ಲ ಮಾವ, ಹಲಗೆಯೇ ಹಳತು, ಒಳಗೆ ಗೋಂದು ಸತ್ತಿರ್ಬೇಕು," ಎಂದು ನಾನು ಏನೇನೋ ಜೋಡಿಸತೊಡಗಿದೆ.

"ಸುಳ್ಳು ಹೇಳ್ಬೇಡ ಮಗಾ. ನಿನಗೆ ಬರುದಿಲ್ಲ."

ಪ್ರೆಸ್‌ನವರಿಗೆ ಪಾಪ, ಕೈಕಟ್ಟಿ ನಿಲ್ಲಲಾಗಲಿಲ್ಲ. "ಈ ಕಡಿ ಅರ್ಧ ಚಲೋ ಐತ್ರಿ ಯಜಮಾನ್ರ. ಕೊಯ್ದು ಕೊಡ್ತೀನಿ, ಸಣ್ಣ ಟೀಪಾಯಿ ಆಕ್ಕೈತಿ."

ಮಾವ ಆ ಅರ್ಧವನ್ನು ನೋಡಿದರು. ಅಲ್ಲಿ ಓವರ್‌ಲೇ ನಾನು ಹೇಳಿದ ಹಾಗೆಯೇ ನೀರಿನಷ್ಟು ತಿಳಿಯಾಗಿತ್ತು. ತೇಗದ ಒಂದೊಂದು ಗೆರೆಯೂ ಹೊಳೆಯುತ್ತಿತ್ತು.

"ಬೇಡ," ಎಂದರು. "ಆ ಕಡೆ ಗಿರಾಕಿಗಳು ಕೂತದ್ದು."

ಹೋಟೆಲು ಮುಚ್ಚುವವರೆಗೆ ಉಳಿದ ದಿನಗಳಲ್ಲಿ ಆಫೀಸು ಮುಗಿಸಿ ನಾನು ಸುಮ್ಮನೆ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಕಾಗದದ ಬಗ್ಗೆ ಯಾರ ಹತ್ತಿರವೂ ಮಾತಾಡಲಿಲ್ಲ. ಮಾವ ಗಲ್ಲಾದಲ್ಲಿ ಕೂತು ಎಂದಿನಂತೆ ವ್ಯಾಪಾರ ಮಾಡಿದರು, ಗಿರಾಕಿಗಳ ಜೊತೆ ತಮಾಷೆಯನ್ನೂ ಮಾಡಿದರು. ಆದರೆ ಹುಡುಗರು ಒದ್ದೆ ಬಟ್ಟೆ ಹಿಡಿದು ಉಳಿದ ಮೇಜುಗಳನ್ನು ಒರಸಲು ಬಂದಾಗ ಮಾತ್ರ, ಮಾತು ಅರ್ಧಕ್ಕೇ ಬಿಟ್ಟು ರಸ್ತೆಯ ಕಡೆ ತಿರುಗಿ ಕೂರುತ್ತಿದ್ದರು.