ಹಾಳೆಯಲ್ಲಿ ಕಾಣದ ತೂಬು

ನಮ್ಮ ನೀರು ಬಳಕೆದಾರರ ಸಂಘದಲ್ಲಿ ಒಬ್ಬ ಲಸ್ಕರ್ ಇದ್ದರು. ಸರದಿ ಪ್ರಕಾರ ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ಯಾವ ತೂಬಿನ ಹೆಸರು ಹೇಳಿದರೂ ತಲೆಯ ಟವೆಲ್ ಹಿಂದೆ ಸರಿಸಿ, ಕಡ್ಡಿಯಿಂದ ನೆಲದಲ್ಲಿ ಗೆರೆ ಎಳೆದು, "ಮೊದಲ ಇದರ ತಾಯಿ ಯಾವುದು ಹೇಳ್ರಿ" ಎನ್ನುತ್ತಿದ್ದರು. ತಾಯಿ ಎಂದರೆ ಅದಕ್ಕೆ ನೀರು ಕೊಡುವ ಕಾಲುವೆ.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಇದೆ. ಯಾವುದು ಯಾವುದರ ಕವಲು ಎಂದು ಪಟ್ಟಿ ಕೊಟ್ಟರೆ, ಬರೀ ಅಕ್ಷರ, ಗೆರೆಗಳಲ್ಲೇ ಮರದಂತೆ ಬಿಡಿಸಿ ತೋರಿಸುತ್ತದೆ. ಸಂಘದ ಕಂಪ್ಯೂಟರ್ ಕೆಲಸ ನನ್ನದು; ನೀರಿನ ಸರದಿಯ ಹಾಳೆ ಮಾಡಲು ಲಸ್ಕರ್ ಹೇಳುತ್ತ ಹೋದರು, ನಾನು ಟೈಪು ಮಾಡಿದೆ. ಅಂದಿನ ನನ್ನ ಡೈರಿಯಲ್ಲಿ "ತೂಬು ನಲವತ್ತೊಂದು" ಎಂದಿದೆ. ಕೊನೆಯ ತೂಬಿನ ತಾಯಿಯ ಹೆಸರನ್ನು ಟೈಪು ಮಾಡಲು ಮರೆತಿದ್ದೆ. ಯಾವ ಕೊಂಬೆಗೂ ಸೇರದ ಅದನ್ನು ಲೈಬ್ರರಿ ಸದ್ದಿಲ್ಲದೆ ಕೈಬಿಟ್ಟಿತು. ಸಿಂಧನೂರಿನಲ್ಲಿ ಪ್ರಿಂಟು ಹಾಕಿಸಿ ತಂದು ಸಂಘದ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ನಲವತ್ತೇ ಇದ್ದವು. ನಾನು ಎಣಿಸಲಿಲ್ಲ.

ಲಸ್ಕರ್ ಹಾಳೆಯ ಮೇಲೆ ಬೆರಳಾಡಿಸಿ, "ಕೊನೀದು ಕಾಣವಲ್ದಲ್ರೀ?" ಎಂದರು.

"ಹಾಳ್ಯಾಗ ಇಲ್ಲಂದ್ರ ಈ ಸಲ ಅದರ ಸರದಿ ಇಲ್ಲ ಕಾಕಾ. ಕಂಪ್ಯೂಟರ್ ತಪ್ಪಂಗಿಲ್ಲ" ಎಂದೆ, ನೋಡದೆಯೇ.

ಎಂಟು ದಿನಕ್ಕೆ ಆ ತೂಬಿನ ಭತ್ತದ ಗದ್ದೆಗಳು ಬಿರುಕುಬಿಟ್ಟವು. ಅಲ್ಲಿನ ರೈತನೊಬ್ಬ ಸಂಘಕ್ಕೆ ಬಂದು ಲಸ್ಕರರ ಎದೆಗೆ ಬೆರಳು ಚುಚ್ಚಿ, "ಯಾರ ಮನಿ ಚಾ ಕುಡದು ನಮ್ಮ ನೀರು ತಿರುವಿದಿ ಲೇ?" ಎಂದ.

ಲಸ್ಕರ್ ನನ್ನ ಕಡೆ ಕೈ ತೋರಿದರು. "ಇವರು ಸರಿಯಾಗೇ ಹೇಳಿದ್ರು. ಹಾಳಿ ಓದಾಕ ನನಗ ತಿಳೀಲಿಲ್ರೀ."

ಅವರು ಹಾಗೆಂದೇ ನಂಬಿದ್ದರು. ಮರುದಿನ ಅವರು ಬರುವ ಮುಂಚೆಯೇ ಹೋಗಿ, ಗೋಡೆಯ ಹಾಳೆ ತೆಗೆದು, ನಲವತ್ತೊಂದೂ ತೂಬಿರುವ ಹೊಸದನ್ನು ಅಂಟಿಸಿದೆ.