ಅಪ್ಪ ಎಣಿಸಿದ ಬಾಸುಂಡೆಗಳು

ನನ್ನ ಬಲಗೈಯ ಎರಡು ಬೆರಳು ಮುರಿದದ್ದು ಬ್ಯಾಡಗಿಯ ನಮ್ಮ ಮನೆಯ ಅಂಗಳದಲ್ಲಿ, ಹಾಡಹಗಲು, ನನಗೆ ಹದಿಮೂರು ವರ್ಷವಿದ್ದಾಗ. ಮುರಿದವನು ಅಪ್ಪ.

ಅಪ್ಪ ಬಡಿಗ. ಚಕ್ಕಡಿ, ಅಂದರೆ ಎತ್ತಿನ ಗಾಡಿ, ಮಾಡುವುದರಲ್ಲಿ ಅವನನ್ನು ಮೀರಿಸುವವರು ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ. ಮರದ ಮೇಲೆ ಅಷ್ಟು ಮೆತ್ತಗೆ ಆಡುತ್ತಿದ್ದ ಅದೇ ಕೈ ಅವ್ವನ ಮೇಲೆ ಬಿರುಸಾಗಿ ಬೀಳುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ, ನೀರು ತಡವಾದರೆ, ಕೆಲವೊಮ್ಮೆ ಏನೂ ಆಗದಿದ್ದರೂ. ಅವನು ಹೊಡೆಯಲು ಎದ್ದರೆ ನಾನು ಗೋಡೆಗೆ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದೆ.

ಅವ್ವನ ತಮ್ಮ, ನನ್ನ ಸೋದರಮಾವ, ರಾಣೆಬೆನ್ನೂರಿನಲ್ಲಿ ಸಾಲಿ ಮಾಸ್ತರ. ರಜೆಯ ದಿನ ರೈಲು ಹತ್ತಿ ನಮ್ಮಲ್ಲಿಗೆ ಬರುತ್ತಿದ್ದ. ಹಿಂದಿನ ಕಾಲದ ದೊಡ್ಡ ವಿಚಾರವಂತರ ಬಗ್ಗೆ ಅವನ ಹತ್ತಿರ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ದುರ್ಬೀನಿನಲ್ಲಿ ಚಂದ್ರನ ಗುಡ್ಡಗಳನ್ನು ಕಂಡು, ಭೂಮಿಯೇ ಸುತ್ತುತ್ತದೆ ಎಂದು ಹೇಳಿದ್ದಕ್ಕೆ ಮೊಣಕಾಲೂರಬೇಕಾದ ಮುದುಕ. ಬೀದಿಯಲ್ಲಿ ನಿಂತು ಪ್ರಶ್ನೆ ಕೇಳಿದ್ದಕ್ಕೆ ವಿಷ ಕುಡಿಯಬೇಕಾದ ಇನ್ನೊಬ್ಬ. ಮನುಷ್ಯನ ತೋಳಿನ ಒಳಗೆ ಏನಿದೆ ಎಂದು ತಿಳಿಯಲು ಹೆಣ ಕೊಯ್ದು ನೋಡಿ ಚಿತ್ರ ಬರೆದ ಕಲಾವಿದ. ನನಗೆ ಹಿಡಿಸಿದ್ದು ಈ ಹೆಣ ಕೊಯ್ದವನು. ನಾನಾಗಲೇ ಇದ್ದಲಿ ಸಿಕ್ಕರೆ ಗೋಡೆ ನೆಲ ನೋಡದೆ ಗೀಚುತ್ತಿದ್ದೆ, ಹೂವು, ನವಿಲು, ಬಾಳೆಗೊನೆ.

ಒಮ್ಮೆ ನನ್ನ ನವಿಲನ್ನು ನೋಡಿ ಮಾವ ಕೇಳಿದ, "ಇದನ್ನ ಎಲ್ಲಿ ನೋಡೀದಿ?"

"ನೋಡಿಲ್ಲ. ಹಿಂಗ ತಗದೆ."

"ಅವರೆಲ್ಲಾ ದೊಡ್ಡವರು ಯಾಕ ಆದ್ರು ಗೊತ್ತೈತೇನು? ಎದುರಿಗೆ ಏನೈತಿ ಅದನ್ನ ಕಣ್ಣು ತಿರುವದ ನೋಡಿದ್ರು. ನೀನೂ ಹಂಗ ನೋಡವಾ."

ನಾನು ಆ ಮಾತನ್ನು ಹದಿಮೂರರ ಬುದ್ಧಿಗೆ ತಕ್ಕಂತೆ ತೆಗೆದುಕೊಂಡೆ. ಮುಂದಿನ ಬಾರಿ ಅಪ್ಪ ಹೊಡೆಯಲು ಎದ್ದಾಗ ಗೋಡೆಗೆ ತಿರುಗಲಿಲ್ಲ. ಅವನ ಹಿಡಿಯಲ್ಲಿ ಅವ್ವನ ತುರುಬಿತ್ತು. ಅವ್ವನ ಒಂದು ಕಾಲು ನೆಲ ಬಿಟ್ಟಿತ್ತು. ಅಪ್ಪನ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಎಲ್ಲವನ್ನೂ ನೋಡಿದೆ. ಮರುದಿನ ಅಪ್ಪ ನುಣುಪು ಮಾಡಿಟ್ಟಿದ್ದ ಒಂದು ಹಲಗೆಯ ಮೇಲೆ ಇದ್ದಲಿಯಲ್ಲಿ ಅದನ್ನೇ ಬರೆದೆ.

ಆ ಹಲಗೆ ಕಾಗಿನೆಲೆಯ ಗೌಡರೊಬ್ಬರ ಚಕ್ಕಡಿಯದು. ಅದನ್ನು ನೋಡಲು ಅವರು ಇಬ್ಬರು ಆಳುಗಳೊಂದಿಗೆ ಬಂದರು. ಹಲಗೆ ತಿರುವಿ ಗಟ್ಟಿಯಾಗಿ ನಕ್ಕುಬಿಟ್ಟರು.

"ಏನ್ ಬಡಿಗ್ಯಾ, ನಿನ್ನ ಪರಾಕ್ರಮ ನನ್ನ ಚಕ್ಕಡಿ ಮ್ಯಾಲೆ ಬರಸೀಯಲ್ಲೋ!"

ಆಳುಗಳೂ ನಕ್ಕರು. ಅಪ್ಪನೂ ಒಂದು ಗಳಿಗೆ ನಕ್ಕ. ಅವರು ಹೋದ ಮೇಲೆ ನನ್ನನ್ನು ಕರೆದ. "ಯಾವ ಕೈಲೆ ತಗದಿ?" ಎಂದು ಕೇಳಿದ, ಸಿಟ್ಟಿಲ್ಲದ ದನಿಯಲ್ಲಿ. ನಾನು ಬಲಗೈ ಚಾಚಿದೆ. ಅದನ್ನು ಹಲಗೆಯ ಮೇಲೆ ಒತ್ತಿ ಹಿಡಿದು, ಉಳಿ ಹೊಡೆಯುವ ಮರದ ಕೊಡತಿಯಿಂದ ಜಜ್ಜಿದ. ಒಣಕಟ್ಟಿಗೆ ಮುರಿದಂತೆ ಸಪ್ಪಳವಾಯಿತು. ಎರಡನೆಯ ಏಟು ಬೀಳುವಷ್ಟರಲ್ಲಿ ಅವ್ವ ನನ್ನ ಮೇಲೆ ಬಿದ್ದಳು. ಅದು ಅವಳ ಭುಜಕ್ಕೆ ತಾಗಿತು.

ಅಗಡಿಯಿಂದ ಎಲುಬು ಕಟ್ಟುವವನು ಬಂದು ಬಿದಿರಿನ ಸೀಳು ಇಟ್ಟು ಬಿಗಿದ. ಬೆರಳು ಕೂಡಿಕೊಂಡವು, ಸೊಟ್ಟಗೆ. ಸುದ್ದಿ ತಿಳಿದು ಬಂದ ಮಾವ ನನ್ನನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೋದ. ಅಪ್ಪ ತಡೆಯಲಿಲ್ಲ. ಮುಂದೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಕೈ ನೋಡಿ, "ಈಕಿ ರೊಟ್ಟಿ ಬಡಿಯೂದು ಹೆಂಗ?" ಎಂದು ಎದ್ದು ಹೋದರು. ನನಗೆ ಅದರಿಂದ ಓದಲು ಸಮಯ ಸಿಕ್ಕಿತು.

ಎಡಗೈಯಲ್ಲಿ ಪೆನ್ಸಿಲ್ ಹಿಡಿಯಲು ಕಲಿತೆ. ಆ ಹೆಣ ಕೊಯ್ದ ಕಲಾವಿದನೂ ಎಡಚನಂತೆ, ಕನ್ನಡಿಯಲ್ಲಿ ಓದುವ ಹಾಗೆ ಬಲದಿಂದ ಎಡಕ್ಕೆ ಬರೆಯುತ್ತಿದ್ದನಂತೆ. ನಾನೂ ಕನ್ನಡವನ್ನು ತಿರುಗುಮುರುಗಾಗಿ ಬರೆದೆ. ಅವನ ಕುದುರೆಗಳನ್ನು, ಒಂದನ್ನೊಂದು ಕಚ್ಚುವ ಯುದ್ಧದ ಕುದುರೆಗಳನ್ನು, ಪುಸ್ತಕದಿಂದ ಒಂದು ವರ್ಷ ನಕಲು ಮಾಡಿದೆ. ಹೊಗಳಿಕೆ ಬರುತ್ತದೆಂದು ಒಂದು ದಿನ ಮಾವನ ಮುಂದೆ ಇಟ್ಟೆ. ಅವನು ಒಂದೊಂದೇ ಹಾಳೆ ನೋಡಿ, ಎಲ್ಲವನ್ನೂ ಸೇರಿಸಿ ಹರಿದು ಹಾಕಿದ. ನಾನು ಅವನ ಕೈಯನ್ನು ಕಚ್ಚಿದೆ. ರಕ್ತ ಬಂತು.

ಮಾವ ಕೈ ಒರೆಸಿಕೊಳ್ಳುತ್ತ ಹೇಳಿದ, "ಆತ ಹಂಗ ಬರದಾ, ಯಾಕಂದ್ರ ಆತನ ಕೈ ಹಂಗ ಹೋಗ್ತಿತ್ತು. ನಿನ್ನ ಕೈ ಎತ್ತಾಗ ಹೋಗತೈತಿ? ನೋಡಿ ತಗಿಯಾಕ ಈ ಊರಾಗ ಎತ್ತು ಇಲ್ಲೇನು?"

ಅವನ ಮೇಲಿನ ಸಿಟ್ಟಿನಿಂದಲೇ ದನದ ಸಂತೆಗೆ ಹೋದೆ. ಕುಪ್ಪೇಲೂರಿನವರೊಬ್ಬರು ಎತ್ತಿಗೆ ಲಾಳ ಹೊಡೆಸುತ್ತಿದ್ದರು. ಹಗ್ಗ ಸುತ್ತಿ ಕೆಡವಿದಾಗ ಅದರ ಮೈ ನೆಲಕ್ಕೆ ಅಪ್ಪಳಿಸಿ ಧೂಳೆದ್ದಿತು. ನಾಲ್ಕು ಕಾಲನ್ನೂ ಒಂದುಗೂಡಿಸಿ ಕಟ್ಟಿದರು. ಒಬ್ಬ ಕೊಂಬು ಹಿಡಿದು ಕುತ್ತಿಗೆಯ ಮೇಲೆ ಕುಳಿತ. ಮೊಳೆ ಇಳಿಯುವಾಗ ಅದು ಒದರಲಿಲ್ಲ, ಕಣ್ಣು ಮಾತ್ರ ಬಿಳಿ ಕಾಣುವಷ್ಟು ಹೊರಳಿತು. ಆ ಕಣ್ಣನ್ನು ಒಂದು ತಿಂಗಳು ಬರೆದೆ. ಬರೆಯುವಾಗ ನನ್ನ ಗೆರೆ ನಡುವೆ ತುಂಡಾಗುತ್ತಿತ್ತು, ಮತ್ತೆ ಹಿಡಿದುಕೊಂಡು ಮುಂದೆ ಹೋಗುತ್ತಿತ್ತು. ಪುಸ್ತಕದ ಯಾವ ಚಿತ್ರದಲ್ಲೂ ಅಂಥ ಗೆರೆ ಇರಲಿಲ್ಲ. ನನ್ನದಾದ ಒಂದು ವಸ್ತು ನನ್ನಲ್ಲಿದೆ ಎಂದು ಅನಿಸಿದ್ದು ಅದೇ ಮೊದಲು.

ಬ್ರಿಟಿಷರ ವಿರುದ್ಧದ ಚಲೇಜಾವ್ ಚಳವಳಿಯ ವರ್ಷ, ಪಂಚಮಿಗೆಂದು ಅವ್ವ ನನ್ನನ್ನು ಬ್ಯಾಡಗಿಗೆ ಕರೆಸಿದಳು. ಹಬ್ಬ ಮುಗಿದ ಮೇಲೆ ಯಾರೋ ರೈಲು ಹಳಿಯ ಪಕ್ಕದ ತಂತಿಕಂಬಗಳನ್ನು ಗರಗಸದಿಂದ ಕೊಯ್ದು ಕೆಡವಿದರು. ಬೆಳಿಗ್ಗೆ ಪೊಲೀಸರು ಬಡಿಗರ ಮನೆಗಳಿಗೆ ನುಗ್ಗಿದರು.

ಅರ್ಧ ಮುಗಿದ ಚಕ್ಕಡಿಯ ಮೇಲೆ ಅಪ್ಪನನ್ನು ಬೋರಲು ಕೆಡವಿ ಇಬ್ಬರು ಕೈ ಹಿಡಿದರು. ಫೌಜದಾರ ಬೆತ್ತ ಎತ್ತಿದ.

"ಗರಗಸ ಯಾರಿಗೆ ಕೊಟ್ಟಿದ್ದಿ? ಹೇಳಲೇ!"

"ನನ್ನ ಗರಗಸ ಮನಿ ಬಿಟ್ಟು ಹೋಗಿಲ್ರೀ ಸಾಹೇಬ್ರ, ಖರೇ ಹೇಳ್ತೀನ್ರೀ."

ಬೆತ್ತ ಬಿತ್ತು. ಅಂಗಿ ಹರಿಯಿತು, ಆಮೇಲೆ ಚರ್ಮ. ಅವ್ವ ಫೌಜದಾರನ ಕಾಲು ಹಿಡಿಯಲು ಹೋದರೆ ಬೂಟಿನಿಂದ ಒದ್ದರು. ನಾನು ಬಾಗಿಲಲ್ಲೇ ನಿಂತು ನೋಡಿದೆ. ನನ್ನೊಳಗೆ ಒಂದು ಕಡೆ ಹೇಸಿಕೆಯಾಗುವಂಥ ಖುಷಿ ಇತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಅಪ್ಪ "ಯವ್ವಾ" ಎಂದು ಒದರಿದಾಗ ಅದು ಥೇಟ್ ಅವ್ವ ಒದರುತ್ತಿದ್ದ ದನಿಯಾಗಿತ್ತು. ಖುಷಿ ಅಲ್ಲೇ ಸತ್ತಿತು.

ಪೊಲೀಸರು ಗರಗಸಗಳನ್ನು ಹೊತ್ತುಕೊಂಡು ಹೋದರು. ಮಧ್ಯಾಹ್ನ ಅಪ್ಪ ಚಾಪೆಯ ಮೇಲೆ ಬೋರಲು ಮಲಗಿದ್ದ. ಅವ್ವ ಅರಿಷಿಣ ಎಣ್ಣೆ ಹಚ್ಚುತ್ತಿದ್ದಳು. ನಾನು ಮೂಲೆಯಲ್ಲಿ ಕುಳಿತು ಆ ಬೆನ್ನನ್ನು, ಅದರ ಮೇಲೆದ್ದ ಬಾಸುಂಡೆಗಳನ್ನು ಬರೆಯುತ್ತಿದ್ದೆ. ಪೆನ್ಸಿಲಿನ ಸಪ್ಪಳ ಅವನಿಗೆ ಕೇಳಿಸಿತು.

"ಏನದು? ತಾ ಇಲ್ಲಿ."

ಅವ್ವ ನನ್ನನ್ನು ಹೊರಗೆ ಹೋಗೆಂದು ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಹಾಳೆಯನ್ನು ಅವನ ಮುಖದ ಮುಂದೆ ನೆಲದ ಮೇಲಿಟ್ಟೆ. ಬಹಳ ಹೊತ್ತು ನೋಡಿದ.

"ಎಡಪಕ್ಕಿ ಮ್ಯಾಲೆ ಐದು ಬಿದ್ದಾವ. ನೀ ನಾಕ ತಗದೀ."

"ನಿನಗ ಹೆಂಗ ಗೊತ್ತಪ್ಪಾ? ಬೆನ್ನು ಕಾಣಸ್ತೈತೇನು?"

"ನಾ ಎಣಿಸೇನಿ."

ನಾನು ಎಣಿಸಿ ನೋಡಿದೆ. ಐದೇ ಇದ್ದವು. ತಿದ್ದಿದೆ.

ಇದರಿಂದ ಅಪ್ಪ ಬದಲಾದನೆಂದು ಹೇಳಿದರೆ ಸುಳ್ಳಾಗುತ್ತದೆ. ಗಾಯ ಮಾಯಿತು. ಗರಗಸವಿಲ್ಲದೆ ಕೆಲಸ ನಿಂತ ಸಿಟ್ಟು ಮತ್ತೆ ಅವ್ವನ ಮೇಲೆ ತಿರುಗಿತು. ದೀಪಾವಳಿಗೆ ಹೋದಾಗ ನನ್ನೆದುರೇ ಅವಳ ಕುತ್ತಿಗೆಗೆ ಕೈ ಹಾಕಿದ. ನಾನು ಅವನನ್ನು ಎರಡೂ ಕೈಯಿಂದ ನೂಕಿದೆ. ಚಕ್ಕಡಿ ಚಕ್ರದ ಕಬ್ಬಿಣದ ಪಟ್ಟಿಗೆ ಅವನ ಹಣೆ ಬಡಿದು ರಕ್ತ ಮೂಗಿನ ಮೇಲೆ ಇಳಿಯಿತು. ಅವನು ನನ್ನನ್ನು ಹೊಡೆಯಲಿಲ್ಲ. ಬಿದ್ದಲ್ಲೇ ಕುಳಿತ. "ಕರಕೊಂಡು ಹೋಗ ಆಕೀನ," ಎಂದ.

ಹಾಗೆ ಅವ್ವ ರಾಣೆಬೆನ್ನೂರಿಗೆ ಬಂದಳು. ಎರಡು ವರ್ಷದ ಮೇಲೆ ಹಾವೇರಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ನನಗೆ ಚಿತ್ರ ಕಲಿಸುವ ಕೆಲಸ ಸಿಕ್ಕಿತು. ನಾವಿಬ್ಬರೇ ಒಂದು ಕೋಣೆ ಹಿಡಿದೆವು. ಅಪ್ಪ ಒಮ್ಮೆಯೂ ಬರಲಿಲ್ಲ, ನಾವು ಕರೆಯಲೂ ಇಲ್ಲ.

ಒಂದು ಆದಿತ್ಯವಾರ ಅವ್ವ ಹಸಿರು ಇಳಕಲ್ ಸೀರೆ ಉಟ್ಟು ಕಿಟಕಿಯ ಹತ್ತಿರ ಕುಳಿತಳು. "ನನ್ನದೂ ಒಂದು ಚಿತ್ರ ತಗಿಯವಾ. ನಗಾಕತ್ತಿದ್ದಂಗ ತಗಿ," ಎಂದಳು. ನಿಜವಾಗಿ ನಗುತ್ತಲೂ ಇದ್ದಳು. ನನಗೆ ಆ ತುಟಿ ಸಿಗಲಿಲ್ಲ. ಎಷ್ಟು ತಿದ್ದಿದರೂ ನೋವಿಗೆ ಹಲ್ಲು ಕಚ್ಚಿದವಳ ಬಾಯಿಯೇ ಬರುತ್ತಿತ್ತು. ಹನ್ನೊಂದು ಹಾಳೆ ಕೆಡಿಸಿದೆ. ಅವ್ವ ಬೇಸರಪಡದೆ ಕುಳಿತೇ ಇದ್ದಳು. ನಾನು ಹನ್ನೆರಡನೆಯ ಹಾಳೆ ತೆಗೆದುಕೊಂಡು, ಮೊದಲು ಅವಳ ಮುಖವನ್ನು ಸರಿಯಾಗಿ ನೋಡಲು ಕುಳಿತೆ.